ಕುಂಕುಮ ಹಚ್ಚಿದ ಪ್ಲೇಟು

“ಥಾಂಬಾ! ಅದನ್ನ ಮುಟ್ಟಬ್ಯಾಡ್ರಿ!”

ಅರ್ಧ ಮರಾಠಿ, ಅರ್ಧ ಗದಗಿನ ಕನ್ನಡದಲ್ಲಿ ಸುಲೋಚನಾ ಕೂಗಿದ ರಭಸಕ್ಕೆ, ಡ್ರಿಲ್ ಹಿಡಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಪೇದೆ ಹಿಂದಕ್ಕೆ ಮಗುಚಿಬಿದ್ದ. ಬಿಳಿ ಕಾರಿನ ನಂಬರ್ ಪ್ಲೇಟಿಗೆ ಹೊಡೆದಿದ್ದ ರಿವೆಟ್ಟಿನ ತಲೆ ಇನ್ನೂ ಹಾರಿರಲಿಲ್ಲ. ಸದ್ಯ, ಕೆಲಸ ಕೆಟ್ಟಿರಲಿಲ್ಲ.

ಇನ್‌ಸ್ಪೆಕ್ಟರ್ ನಿತಿನ್ ಧೋಟೆ ಠಾಣೆಯ ಜಗಲಿಯಲ್ಲಿದ್ದ ಕೂಲರಿನ ಮುಂದಿನಿಂದ ಎದ್ದು ಬಂದ. ಏಪ್ರಿಲ್ ತಿಂಗಳ ನಾಗಪುರದಲ್ಲಿ ಮಟಮಟ ಮಧ್ಯಾಹ್ನ ಕೂಲರ್ ಬಿಟ್ಟು ಏಳುವುದೆಂದರೆ ಸಣ್ಣ ತ್ಯಾಗವಲ್ಲ. ಅದಕ್ಕೇ ಅವನ ಮುಖ ಗಂಟಿಕ್ಕಿತ್ತು.

“ಮ್ಯಾಡಮ್, ನಿಮ್ಮನ್ನ ಗಾಡಿ ನೋಡೋದಕ್ಕೆ ಒಳಗೆ ಬಿಟ್ಟೆ. ನಮ್ಮ ಕೆಲಸ ನಿಲ್ಲಿಸೋದಕ್ಕಲ್ಲ,” ಎಂದ ಮರಾಠಿಯಲ್ಲಿ.

“ನೋಡೋದು ಇನ್ನೂ ಮುಗಿದಿಲ್ಲ ಸಾಹೇಬರೆ,” ಎಂದಳು ಸುಲೋಚನಾ, ಅವನದೇ ಮರಾಠಿಯಲ್ಲಿ. “ಮುಗಿಯೋ ತನಕ ಈ ಪ್ಲೇಟು ಕೂದಲೆಳೆಯಷ್ಟೂ ಅಲ್ಲಾಡಬಾರದು.”

ಸುಲೋಚನಾ ಮುಳಗುಂದ ಗದಗಿನವಳು. ಮದುವೆಯಾಗಿ ಬಂದು ನಾಗಪುರದ ಧರಮಪೇಠದಲ್ಲೇ ಕೂದಲು ನರೆಸಿಕೊಂಡವಳು. ಅಪಘಾತವಾದ ಗಾಡಿಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರ್ ಕೆಲಸ ಅವಳದು. ನಜ್ಜುಗುಜ್ಜಾದ ತಗಡು ಎದುರಿಗಿದ್ದರೆ ಸಾಕು, ಗಾಡಿಯ ಮಾಲೀಕ ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ ಎಂದು ಅಳೆದುಬಿಡುತ್ತಿದ್ದಳು. ಆದರೆ ಇವತ್ತು ಕಂಪನಿ ನೋಡಲು ಕಳಿಸಿದ್ದ ಗಾಡಿ ಅವಳಿಗೆ ಬೇರೆಯೇ ತಲೆನೋವು ತಂದಿತ್ತು. ಇದರ ಮೇಲೆ ಒಂದು ಗೀರೂ ಇರಲಿಲ್ಲ.

ಹೋದ ವಾರ ಮುಸ್ಸಂಜೆ, ಉಮರೇಡ್ ರಸ್ತೆಯಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದ ಕೃತಿ ಎಂಬ ಹುಡುಗಿಗೆ ಒಂದು ಬಿಳಿ ಕಾರು ಗುದ್ದಿ ಪರಾರಿಯಾಗಿತ್ತು. ಬೆಂಗಳೂರಿನ ಹುಡುಗಿ, ಉಮರೇಡಿನ ಕಲ್ಲಿದ್ದಲ ಗಣಿಯಲ್ಲಿ ಭೂವಿಜ್ಞಾನಿ. ಅಂದಿನಿಂದ ಧರಮಪೇಠದ ಒಂದು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ರಸ್ತೆಯ ಮೇಲೆ ಸಿಕ್ಕಿದ್ದು ಒಡೆದ ಪ್ಲಾಸ್ಟಿಕ್ ನಂಬರ್ ಪ್ಲೇಟಿನ ಒಂದು ಚೂರು. ಅದರ ಮೇಲೆ ಕೆಎ ೨೯.

ಬಾಗಲಕೋಟೆಯ ನಂಬರು! ಅದೇ ನಮೂನೆಯ, ಅದೇ ಬಾಗಲಕೋಟೆ ನಂಬರಿನ ಬಿಳಿ ಕಾರಿಗಾಗಿ ನಾಗಪುರ, ಕಾಮಠಿ, ಉಮರೇಡ್ ಎಲ್ಲ ಜಾಲಾಡಿದರೂ ಸಿಕ್ಕಿದ್ದು ಒಂದೇ. ಕಾಮಠಿ ಕಂಟೋನ್ಮೆಂಟಿನ ಸುಬೇದಾರ್ ಮುರಳೀಧರ ಕಟಗೇರಿಯದು. ಈ ಮುನ್ನ ಆ ಎರಡು ಅಕ್ಷರ ಅವನಿಗೆ ತಂದುಕೊಡುತ್ತಿದ್ದುದು ಬರೀ ಗೆಳೆತನ. ಸಿಗ್ನಲಿನಲ್ಲಿ ನಿಂತಾಗ ಪಕ್ಕದ ಗಾಡಿಯವರು ಗಾಜು ಇಳಿಸಿ “ಯಾವೂರ್ರೀ ನಿಮ್ದು?” ಎನ್ನುತ್ತಿದ್ದರು. ಈಗ ಅದೇ ಎರಡು ಅಕ್ಷರ ಅವನನ್ನು ಠಾಣೆಯ ಬೆಂಚಿನ ಮೇಲೆ ತಂದು ಕೂರಿಸಿದ್ದವು.

“ನನ್ನ ಲೆಕ್ಕ ಬಹಳ ಸರಳ,” ಎಂದ ಧೋಟೆ. “ಅಪಘಾತದಲ್ಲಿ ಪ್ಲಾಸ್ಟಿಕ್ ಪ್ಲೇಟು ಒಡೀತು. ಸುಬೇದಾರ್ ಸಾಬ್ ಬಂಪರ್ ಬದಲಾಯಿಸಿದರು, ಹೊಸ ಅಲ್ಯೂಮಿನಿಯಂ ಪ್ಲೇಟು ಬಡಿಸಿದರು. ನೋಡಿ, ಎಷ್ಟು ಹೊಳೀತಿದೆ! ಅದನ್ನ ಬಿಚ್ಚಿ ಲ್ಯಾಬಿಗೆ ಕಳಿಸ್ತೀನಿ. ಸಂಜೆಯೊಳಗೆ ನಾನು ಇವರ ಅರೆಸ್ಟ್ ತೋರಿಸಬೇಕು, ಇಲ್ಲಾ ಯೂನಿಟ್ಟಿನವರಿಗೆ ವಾಪಸ್ ಒಪ್ಪಿಸಬೇಕು.”

ಅರೆಸ್ಟ್ ಎಂಬ ಒಂದು ಮಾತು ಬಿದ್ದರೆ ಮುಗಿಯಿತು. ಮುರಳೀಧರನಿಗೆ ಬರುವ ಮಾರ್ಚಿನಲ್ಲಿ ನಿವೃತ್ತಿ. ಸಿಯಾಚಿನ್‌ನಿಂದ ಜೋಧಪುರದವರೆಗೆ ತಿರುಗಿ, ಒಂದು ಕಪ್ಪು ಚುಕ್ಕೆಯಿಲ್ಲದೆ ಕಳೆದ ನೌಕರಿ ಕೊನೆಗಾಲದಲ್ಲಿ ಮಣ್ಣುಪಾಲಾಗುತ್ತಿತ್ತು. ಈ ಮನುಷ್ಯ ಗುದ್ದಿ ಓಡುವವನಲ್ಲ ಎಂದು ಸುಲೋಚನಾಳಿಗೆ ಅನಿಸಿತ್ತು. ಆದರೆ ಅನಿಸಿದ್ದನ್ನು ಯಾವ ಇನ್‌ಸ್ಪೆಕ್ಟರೂ ಸಾಕ್ಷಿ ಎಂದು ಬರೆದುಕೊಳ್ಳುವುದಿಲ್ಲ.

ಅವಳು ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದಳು. ಸೀರೆಯ ನೆರಿಗೆ ಒಟ್ಟುಮಾಡಿ ಕಾದ ನೆಲದ ಮೇಲೆ ಮಂಡಿಯೂರಿ, ಪ್ಲೇಟು ಮತ್ತು ಬಂಪರಿನ ನಡುವಿನ ಸಂದಿಗೆ ಕನ್ನಡಿ ತೂರಿಸಿ ಟಾರ್ಚ್ ಬಿಟ್ಟಳು.

ಕನ್ನಡಿಯನ್ನು ಈ ತುದಿಯಿಂದ ಆ ತುದಿಗೆ ಸರಿಸುತ್ತ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

“ಸಾಹೇಬರೆ, ಇಲ್ಲಿ ಬನ್ನಿ. ಕೂತುಕೊಳ್ಳಿ. ಪ್ಯಾಂಟು ಕೊಳೆಯಾದರೆ ನಾನೇ ಒಗೆಸಿಕೊಡ್ತೀನಿ.”

ಧೋಟೆ ಗೊಣಗುತ್ತ ಕೂತ. ಕನ್ನಡಿಯಲ್ಲಿ ಕಂಡದ್ದು ಹೆಬ್ಬೆರಳ ಗಾತ್ರದ ಒಂದು ಮಣ್ಣಿನ ಉಂಡೆ.

“ಏನಿದು? ಕೆಸರು?”

“ಕಡಜದ ಗೂಡು. ಸರಿಯಾಗಿ ನೋಡಿ. ಒಂದು ಕಡೆ ಪ್ಲೇಟಿಗೆ ಅಂಟಿದೆ, ಇನ್ನೊಂದು ಕಡೆ ಬಂಪರಿಗೆ. ನಡುವೆ ಎಲ್ಲೂ ಬಿರುಕಿಲ್ಲ. ಪ್ಲೇಟು ಬಿಚ್ಚಿದ್ದರೆ ಒಡೀತಿತ್ತು. ಬಂಪರ್ ಬದಲಾಯಿಸಿದ್ದರೂ ಒಡೀತಿತ್ತು.”

“ಹೋದ ವಾರ ಪ್ಲೇಟು ಹಾಕಿದ ಮೇಲೆ ಕಟ್ಟಿರಬಹುದು.”

“ಆ ತುದಿಯಲ್ಲಿ ತೂತು ಇದೆಯಲ್ಲ, ಅದು ಮರಿ ಕೊರೆದುಕೊಂಡು ಹೊರಗೆ ಹೋದ ದಾರಿ. ತಾಯಿ ಮೊಟ್ಟೆ ಇಟ್ಟು, ಅದು ಹುಳವಾಗಿ, ರೆಕ್ಕೆ ಬಂದು ಹಾರಬೇಕಾದರೆ ಏನಿಲ್ಲವೆಂದರೂ ಮೂರು ವಾರ ಬೇಕು. ಅಪಘಾತವಾಗಿ ಹತ್ತು ದಿನವೂ ಆಗಿಲ್ಲ.” ಸುಲೋಚನಾ ಮಂಡಿ ಝಾಡಿಸಿ ಎದ್ದಳು. “ಸುಬೇದಾರರು ಡ್ಯೂಟಿಗೆ ಸೈಕಲ್ಲಿನಲ್ಲಿ ಹೋಗ್ತಾರೆ. ಗಾಡಿ ಬೇವಿನ ಮರದ ಕೆಳಗೆ ತೆಪ್ಪಗೆ ನಿಂತಿರುತ್ತೆ. ಕಡಜಕ್ಕೆ ಮತ್ತೇನು ಬೇಕು? ಈಗ ಫೋಟೋ, ವಿಡಿಯೋ ತೆಗೆಸಿ. ಆಮೇಲೆ ಬೇಕಾದರೆ ಗೂಡಿನ ಸಮೇತ ಕತ್ತರಿಸಿ ಲ್ಯಾಬಿಗೆ ಕಳಿಸಿ.”

ಧೋಟೆ ಟೋಪಿ ತೆಗೆದು ಬೆವರು ಒರೆಸಿಕೊಂಡ. “ಕೋರ್ಟಿನಲ್ಲಿ ಕಡಜವನ್ನ ಸಾಕ್ಷಿ ಹಾಕೋದಾ?”

“ಸುಳ್ಳು ಹೇಳದ ಸಾಕ್ಷಿ ನಿಮಗೆ ಎಷ್ಟು ಸಿಗ್ತಾವೆ?”

ಅವನು ನಗಲಿಲ್ಲ, ಆದರೆ ಡ್ರಿಲ್ ಒಳಗೆ ಇಡಲು ಪೇದೆಗೆ ಕೈಸನ್ನೆ ಮಾಡಿದ.

ಒಳಗೆ ಬೆಂಚಿನ ಮೇಲೆ ಮುರಳೀಧರ ನೆಟ್ಟಗೆ ಕೂತಿದ್ದ. ಊಟ ಬಿಟ್ಟಿದ್ದರೂ ಬೆನ್ನು ಬಾಗಿರಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ಚಂಪಾ, ಸೆರಗು ಬಿಗಿಯಾಗಿ ಹೊದ್ದು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸುಲೋಚನಾಳನ್ನು ಕಂಡದ್ದೇ ಚಂಪಾ ಎದ್ದು ನಿಂತಳು.

“ಆ ಹುಡುಗಿ ಎಚ್ಚರಾದ್ಲೇನ್ರಿ ಅಕ್ಕಾರ?”

ಬೆಳಿಗ್ಗೆ ಕಾಮಠಿಯ ಕ್ವಾರ್ಟರ್ಸಿಗೆ ಹೋದಾಗಲೂ ಅವಳು ಮೊದಲು ಕೇಳಿದ್ದು ಇದನ್ನೇ. ಗಂಡನ ಕುತ್ತಿಗೆಗೆ ಬಂದಿರುವಾಗಲೂ ಪರರ ಮಗಳ ಬಗ್ಗೆ ಮರುಗುವ ಹೆಂಗಸು ಎಂದು ಸುಲೋಚನಾಳ ಮನಸ್ಸು ಆಗಲೇ ಕರಗಿತ್ತು.

“ಇಲ್ಲವಾ, ಇನ್ನೂ ಆಗಿಲ್ಲ. ಕೂಡು ನೀ.”

ಧೋಟೆ ತನ್ನ ಕುರ್ಚಿಯಲ್ಲಿ ಕೂತು ಮೇಜಿನ ಡ್ರಾಯರ್ ಎಳೆದ. ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಆ ಒಡೆದ ಪ್ಲೇಟಿನ ಚೂರಿತ್ತು. ಪಕ್ಕದಲ್ಲೇ ಇನ್ನೊಂದು ಚೀಲದಲ್ಲಿ, ಚಾರ್ಜರಿನ ವೈರು ಸಿಕ್ಕಿಸಿದ್ದ ಒಂದು ಮೊಬೈಲು. ಅದು ಕೃತಿಯದು. ಬೀಗ ತೆರೆಯಲಾಗಿರಲಿಲ್ಲ. ಯಾರಾದರೂ ಕರೆ ಮಾಡಿಯಾರು, ಏನಾದರೂ ಸುಳಿವು ಸಿಕ್ಕೀತು ಎಂದು ಧೋಟೆ ಅದನ್ನು ಜೀವಂತ ಇಟ್ಟಿದ್ದ.

“ಸರಿ ಮ್ಯಾಡಮ್. ಕಡಜ ಹೇಳಿದ್ದು ನಿಜ ಅಂತಲೇ ಇಟ್ಟುಕೊಳ್ಳೋಣ,” ಎಂದ ಅವನು. “ಹಾಗಾದರೆ ಈ ಚೂರು ಎಲ್ಲಿಂದ ಬಂತು? ಇವರ ನಂಬರಿನ ಎರಡನೇ ಪ್ಲೇಟು ರಸ್ತೆಯ ಮೇಲೆ ಹೇಗೆ ಬಿತ್ತು? ಕೇಳಿ ಇವರನ್ನ. ಹಿಂದಿ ಬರುತ್ತೆ, ಆದರೆ ನನ್ನ ಮುಂದೆ ಬಾಯಿ ಬಿಡಲ್ಲ. ನಿಮ್ಮ ಭಾಷೆಯಲ್ಲೇ ಮಾತಾಡಿಸಿ. ಒಂದು ಷರತ್ತು. ಇಲ್ಲಿ ಆಡಿದ ಮಾತನ್ನೆಲ್ಲ ನೀವು ನನಗೆ ಹೇಳಬೇಕು. ಒಂದಕ್ಷರ ಬಚ್ಚಿಡಬಾರದು.”

“ಬಚ್ಚಿಡಲ್ಲ.”

“ಊರಿನವರು ಅಂತ ಕರುಣೆ ತೋರಿಸಬಾರದು.”

“ಮಾತು ಕೊಟ್ಟೆನಲ್ಲ ಸಾಹೇಬರೆ. ಯಾರೇ ಇರಲಿ, ಏನೇ ಹೇಳಲಿ, ಹೇಳಿದ್ದು ಹೇಳಿದ ಹಾಗೇ ನಿಮ್ಮ ಕಿವಿಗೆ ಬೀಳುತ್ತೆ.”

ಅವಳು ಕುರ್ಚಿಯನ್ನು ಮುರಳೀಧರನ ಎದುರಿಗೆ ಎಳೆದುಕೊಂಡಳು. “ಸುಬೇದಾರ್ರ, ಈ ಗಾಡಿಗೆ ಪ್ಲಾಸ್ಟಿಕ್ ಪ್ಲೇಟ್ ಯಾವಾಗರ ಇದ್ವೇನ್ರಿ?”

“ಇದ್ವು ಅಕ್ಕಾರ,” ಎಂದ ಮುರಳೀಧರ. “ಗಾಡಿ ತಗೊಂಡಿದ್ದು ಇಲ್ಲೇ, ನಾಗಪುರದಾಗ. ನಮಗ ಕ್ಯಾಂಟೀನ್ ರೇಟಿನಾಗ ಸಿಗತೈತಿ. ಆದರ ನಂಬರ್ ಊರಾಗ ಆಗಲಿ ಅಂತ ನನ್ನ ಹಟ. ನಮ್ಮ ನೌಕರಿ ಗೊತ್ತಲ್ರಿ, ಇವತ್ತು ಕಾಮಠಿ, ನಾಳೆ ಎಲ್ಲೋ. ರಿಟೈರ್ ಆದ ಮ್ಯಾಲೆ ಬಾಗಲಕೋಟಿಗೇ ಹೋಗೂದು. ಹೋದ ಮ್ಯಾಲೆ ಮತ್ತ ಎನ್‌ಓಸಿ, ಮತ್ತ ಟ್ಯಾಕ್ಸ್, ಯಾರಿಗೆ ಬೇಕ್ರಿ ಆ ಉಸಾಬರಿ? ಅದಕ್ಕ ದಸರಾ ಮುಂದ ರಜಾ ಹಾಕಿ ಟೆಂಪರರಿ ನಂಬರಿನ ಮ್ಯಾಲೆ ಊರಿಗೆ ಹೊಡಕೊಂಡು ಹೋದೆ.”

“ಮತ್ತ?”

“ನಂಬರ್ ಸಿಕ್ತು, ಪ್ಲೇಟ್ ಬರಲಿಲ್ಲ. ಅಷ್ಟರಾಗ ರಜಾ ಮುಗೀತು. ಹೊಳ್ಳಿ ಬರಬೇಕಲ್ರಿ? ಸುಮ್ನ ಎರಡು ಪ್ಲಾಸ್ಟಿಕ್ ಪ್ಲೇಟ್ ಬರಸಿ ಹಚ್ಚಿಕೊಂಡು ಬಂದೆ. ಅಸಲಿ ಪ್ಲೇಟ್ ಮುಂದ ಜನವರಿಯಾಗ ಬಂದ್ವಂತ. ಈಕಿ ತಮ್ಮ ಋತ್ವಿಕ್ ಬಸ್ಸಿನ್ಯಾಗ ಪಾರ್ಸೆಲ್ ಹಾಕಿದ. ಆಗ ನಾ ರಾಜಸ್ಥಾನದಾಗ ಫೌಜಿನ ಎಕ್ಸರ್ಸೈಜಿಗೆ ಹೋಗಿದ್ದೆ, ಮಾರ್ಚಿ ತನಕ ಇಲ್ಲಿ ಇರಲೇ ಇಲ್ಲ. ಕಾಮಠಿಯಾಗ ನಂಬರ್ ಪ್ಲೇಟ್ ಅಂಗಡಿ ಇಟ್ಟಿರೋ ಬಾಬುನ್ನ ಮನಿಗೇ ಕರಸಿ ಈಕೀನ ಹಚ್ಚಿಸಿದ್ಲು.”

ಸುಲೋಚನಾ ಎಲ್ಲವನ್ನೂ ಮರಾಠಿಗೆ ತಂದಳು. ಪರಊರಿನಲ್ಲಿ ಕೆಲಸ, ಸ್ವಂತ ಊರಿನ ನಂಬರು. ಇಂಥ ಗಾಡಿಗಳನ್ನು ಅವಳು ನಾಗಪುರದಲ್ಲಿ ಬೇಕಾದಷ್ಟು ನೋಡಿದ್ದಳು. ರಜೆಯ ಮೂಗುದಾರ ಕಟ್ಟಿಕೊಂಡು ಓಡುವ ಈ ಮಂದಿ ಹೊಸ ಪ್ಲೇಟು ಹಾಕಿಸುವಾಗ ಹಳೆಯದು ಏನಾಯಿತು ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಬಳಸಲು ಬರುವಂಥ ಒಂದು ಜೋಡಿ ನಂಬರು ಹೇಳುವವರು ಕೇಳುವವರಿಲ್ಲದೆ ಬಿದ್ದಿರುತ್ತದೆ. ಕೈಗೆ ಸಿಕ್ಕವನು ಅದನ್ನು ಅಂಥದೇ ಇನ್ನೊಂದು ಬಿಳಿ ಕಾರಿಗೆ ಹಚ್ಚಿಕೊಂಡು ಏನು ಬೇಕಾದರೂ ಮಾಡಬಹುದು. ತಪ್ಪು ಮಾಡುವವನು ಅವನು, ಹೆಸರು ಬರುವುದು ಕಟಗೇರಿಯದು.

“ಹಾಗಾದರೆ ಹಳೇ ಪ್ಲೇಟು ಬಾಬುವಿನ ಹತ್ತಿರ,” ಎಂದು ಧೋಟೆ ನೆಟ್ಟಗಾದ. “ಕಾಮಠಿ ಠಾಣೆಗೆ ಹೇಳ್ತೀನಿ, ಎತ್ತಾಕಿಕೊಂಡು ಬರಲಿ.”

ಅವನು ಫೋನು ಹಚ್ಚಿದ. ಕಾಮಠಿಯ ಪೇದೆ ಬಾಬುವಿನ ಅಂಗಡಿಗೆ ಹೋಗಿ ವಾಪಸ್ ಕರೆ ಮಾಡುವವರೆಗೆ ಎಲ್ಲರೂ ಚಹಾ ಕುಡಿದರು. ಚಂಪಾ ಮಾತ್ರ ಲೋಟ ಮುಟ್ಟಲಿಲ್ಲ. ಕೂಲರಿನ ಗಾಳಿ ನೇರ ಅವಳಿಗೇ ಬಡಿಯುತ್ತಿದ್ದರೂ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಕರೆ ಬಂತು. ಧೋಟೆ ಕೇಳಿಸಿಕೊಂಡು ಫೋನಿಟ್ಟ. ಸುಲೋಚನಾಳ ಕಡೆ ನೋಡಿ, ಹುಬ್ಬು ಹಾರಿಸಿದ.

“ಬಾಬು ಬಿಚ್ಚಿದ ಪ್ಲೇಟು ತನ್ನ ಅಂಗಡಿಗೆ ಒಯ್ಯೋಕೆ ಹೊರಟಿದ್ದನಂತೆ. ಮನೆಯವರೇ ಬೇಡ ಅಂದು, ಪೇಪರಿನಲ್ಲಿ ಸುತ್ತಿಸಿ ಇಸಕೊಂಡರಂತೆ. ಎರಡೂ.”

ಸುಲೋಚನಾ ನಿಧಾನವಾಗಿ ಚಂಪಾಳ ಕಡೆ ತಿರುಗಿದಳು.

“ಚಂಪಾ, ಹಳೇ ಪ್ಲೇಟ್ ಬಾಬು ನಿನ್ನ ಕೈಯಾಗ ಕೊಟ್ಟಾನಂತ. ಎಲ್ಲಿ ಅದಾವ?”

“ಗುಜರಿಯವಂಗ ಕೊಟ್ಟೆರಿ.”

“ಯಾವಾಗ?”

“ನೆನಪಿಲ್ರಿ. ಮನಿ ಸ್ವಚ್ಛ ಮಾಡಬೇಕಾದ್ರ ಹಾಕಿದೆ.”

ಸುಲೋಚನಾ ಡ್ರಾಯರಿನಿಂದ ಚೂರಿನ ಚೀಲ ಎತ್ತಿ ಅವಳ ಮುಂದೆ ಹಿಡಿದಳು. ಸ್ಕ್ರೂ ತೂತಿನ ಸುತ್ತ ಕೆಂಪಗೆ ಒಂದು ಕಲೆಯಿತ್ತು. ರಕ್ತವೆಂದು ಪೊಲೀಸರು ಲ್ಯಾಬಿಗೆ ಕಳಿಸಿದ್ದರು. ಅಲ್ಲ ಎಂದು ಲ್ಯಾಬು ತಿರುಗಿ ಕಳಿಸಿತ್ತು. ಆ ಕೆಂಪಿನ ಅಂಚಿಗೆ ತೆಳ್ಳಗೆ ಹಳದಿ ಇರುವುದನ್ನು ಮೊದಲ ನೋಟಕ್ಕೇ ಸುಲೋಚನಾ ಗುರುತಿಸಿದ್ದಳು. ಹೇಳಲು ಸಮಯಕ್ಕಾಗಿ ಕಾದಿದ್ದಳು, ಅಷ್ಟೆ.

“ಇದೇನು ಹೇಳು.”

ಚಂಪಾ ನೋಡಿದಳು. “ಕುಂಕುಮರಿ. ಅರಿಶಿಣ, ಕುಂಕುಮ.”

“ಹಚ್ಚಿದ್ದು ಯಾರು?”

“ನಾನರಿ. ದಸರಾಕ್ಕ ಗಾಡಿ ಪೂಜಾ ಮಾಡಿದ್ವಿ.”

“ಹೌದಲ್ಲ? ಮುಂಜಾನೆ ನಿಮ್ಮ ಮನಿಗೆ ಬಂದಾಗ ದೇವರ ಜಗಲಿ ಬಾಜೂಕ ಒಂದು ಚೀಲ ಕಂಡೆ. ಒಣಗಿದ ಹಾರ, ಗಾಜು ಒಡದ ಲಕ್ಷ್ಮೀ ಫೋಟೋ, ಹೋದ ವರ್ಷದ ಗಣಪತಿ ಮುಂದಿಟ್ಟ ತೆಂಗಿನಕಾಯಿ. ಏನು ಅಂತ ಕೇಳಿದ್ರ, ಪೂಜಾ ಆದದ್ದು ಕಸಕ್ಕ ಹಾಕಬಾರದರಿ, ಕನ್ಹಾನ್ ಹೊಳಿಗೆ ಬಿಡಬೇಕು ಅಂದಿ. ಒಣಗಿದ ಹಾರ ಕಸಕ್ಕ ಹಾಕಲಾರದಾಕಿ, ಕುಂಕುಮ ಹಚ್ಚಿದ ನಂಬರ್ ಪ್ಲೇಟ್ ಗುಜರಿಗೆ ಹಾಕ್ತೀಯೇನು?”

ಚಂಪಾ ಮುಖ ತಿರುಗಿಸಿ ಸೆರಗು ಎಳೆದುಕೊಂಡಳು.

“ಅಕ್ಕಾರ!” ಮುರಳೀಧರನ ಧ್ವನಿ ಏರಿತು. “ನನ್ನ ಬಿಡಸಾಕ ಬಂದೀರೋ, ಆಕೀನ್ನ ಸಿಗಸಾಕ ಬಂದೀರೋ? ಹೆಣ್ಣುಮಗಳನ್ನ ಪೊಲೀಸ್ ಸ್ಟೇಷನ್ನಿನ್ಯಾಗ ನಿಂದರಿಸಿ ಹಿಂಗ ಕಾಡಸೂದು ಬರೋಬರ್ ಅಲ್ಲ. ಹಾಕಿದ್ರ ನನ್ನ ಒಳಗ ಹಾಕ್ರಿ.”

“ನಿಮ್ಮನ್ನ ಒಳಗ ಹಾಕಬಾರದು ಅಂತನ ಕೇಳಾಕತ್ತೀನಿ ಸುಬೇದಾರ್ರ. ಸುಮ್ನ ಕೂಡ್ರಿ.”

ಅವಳ ಗದರಿಕೆಗೆ ಸುಬೇದಾರ್ ತೆಪ್ಪಗಾದ. ಸಿಪಾಯಿಗಳ ಮೇಲೆ ವರ್ಷಗಟ್ಟಲೆ ಕೂಗಾಡಿದವನಿಗೆ ಯಾರ ದನಿಗೆ ತಿರುಗಿ ಮಾತಾಡಬಾರದು ಎಂಬುದು ಗೊತ್ತಿರುತ್ತದೆ. ಸುಲೋಚನಾ ಕೊಟ್ಟ ಮಾತಿಗೆ ತಪ್ಪದೆ ಇದನ್ನೂ ಧೋಟೆಗೆ ಒಪ್ಪಿಸಿದಳು, ತನ್ನ ಮೇಲಿನ ಬೈಗುಳದ ಸಮೇತ.

ಚಂಪಾಳಿಂದ ಈಗಲೇ ಏನೂ ಹೊರಡುವುದಿಲ್ಲ ಎಂದು ಅವಳಿಗೆ ಅನಿಸಿತು. ಆದರೆ ಕೈಚೆಲ್ಲಿ ಕೂರುವ ಜಾಯಮಾನ ಅವಳದಲ್ಲ. ಒಂದು ಬಾಗಿಲು ಮುಚ್ಚಿದ್ದರೆ ಮನೆಯ ಸುತ್ತ ತಿರುಗಿ ಇನ್ನೊಂದನ್ನು ತಟ್ಟುವವಳು.

“ಸಾಹೇಬರೆ, ಆ ಕಳ್ಳ ಗಾಡಿ ಇವರ ನಂಬರ್ ಹಚ್ಚಿಕೊಂಡು ಓಡಾಡಿದ್ದು ಒಂದೇ ದಿನ ಇರಲಿಕ್ಕಿಲ್ಲ,” ಎಂದಳು. “ನಾಗಪುರದಿಂದ ಉಮರೇಡಿನವರೆಗೆ ಕ್ಯಾಮೆರಾ ಇವೆ. ಸ್ಪೀಡಾಗಿ ಹೋಗಿರುತ್ತೆ, ಸಿಗ್ನಲ್ ಹಾರಿಸಿರುತ್ತೆ. ಚಲನ್ ಬಿದ್ದಿರಲೇಬೇಕು. ಇವರು ರಾಜಸ್ಥಾನದಲ್ಲಿದ್ದಾಗ, ಕಾರು ಬೇವಿನ ಮರದ ಕೆಳಗೆ ನಿಂತಿದ್ದಾಗ ಉಮರೇಡ್ ರಸ್ತೆಯಲ್ಲಿ ಒಂದು ಚಲನ್ ಬಿದ್ದಿದ್ದರೂ ಸಾಕು, ಎರಡು ಗಾಡಿ ಇವೆ ಅಂತ ಸಾಬೀತಾಯಿತು. ಯೂನಿಟ್ಟಿನ ಹಾಜರಿಯೇ ಇವರ ಪರ ನಿಲ್ಲುತ್ತೆ.”

ಧೋಟೆಯ ಕಣ್ಣು ಮಿಂಚಿತು. ಹಟಮಾರಿಯಾದರೂ ಅವನು ಕೆಟ್ಟವನಲ್ಲ. ದಾರಿ ಕಂಡರೆ ನಡೆಯುವವನು. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. “ಸುಬೇದಾರ್ ಸಾಬ್, ಚಲನ್ ಮೆಸೇಜ್ ಯಾವುದಾದರೂ ಬಂದಿತ್ತಾ?” ಎಂದು ಹಿಂದಿಯಲ್ಲಿ ಕೇಳಿದ.

“ನನಗ ಹೆಂಗ ಬರತಾವರಿ?” ಮುರಳೀಧರ ಸುಲೋಚನಾಳಿಗೆ ಹೇಳಿದ. “ಬಾಗಲಕೋಟಿಯಾಗ ಫಾರ್ಮ್ ತುಂಬೂ ಮುಂದ ಋತ್ವಿಕ್‌ನ ಮೊಬೈಲ್ ನಂಬರ ಕೊಡ್ರಿ ಅಂದಿದ್ದೆ. ನಾ ಒಮ್ಮೆ ಬಾರ್ಡರ್ನ್ಯಾಗ, ಒಮ್ಮೆ ಎಲ್ಲೋ. ಊರಿನ ಗಾಡಿಗೆ ಊರಿನ ಫೋನ್ ಇರಲಿ ಅಂತ.”

“ಹಚ್ಚು ಚಂಪಾ, ನಿನ್ನ ತಮ್ಮಗ. ಸ್ಪೀಕರ್ ಮ್ಯಾಲೆ ಇಡು.”

ಚಂಪಾ ತಮ್ಮನಿಗೆ ಫೋನ್ ಹಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಆ ಕಡೆಯಿಂದ ಋತ್ವಿಕ್ ಎತ್ತಿದ.

“ಮಾಮಾಗ ಬಿಟ್ರೇನ ಅಕ್ಕಾ?”

“ಋತ್ವಿಕ್, ನಾ ಸುಲೋಚನಾ ಮಾತಾಡೋದಪಾ. ಗಾಡಿ ರಿಜಿಸ್ಟ್ರೇಷನ್ನಿಗೆ ನಿನ್ನ ಮೊಬೈಲ್ ನಂಬರ ಕೊಟ್ಟಿದ್ದಲ್ಲ?”

“ನಂದ ಇರಬೇಕ್ರಿ. ಫಾರ್ಮ್ ಅಕ್ಕಾನ ತುಂಬಿದ್ಲು. ಮಾಮಾ ಅವತ್ತು ಟೈರ್ ತೋರಸಾಕ ಗ್ಯಾರೇಜಿಗೆ ಹೋಗಿದ್ರು.”

“ಚಲನ್ ಮೆಸೇಜ್ ಏನಾರ ಬಂದಾವೇನು?”

“ಒಂದೂ ಬಂದಿಲ್ರಿ.”

“ಆತು. ಈಗ ಒಂದು ಓಟಿಪಿ ಬರತೈತಿ. ಓದಿ ಹೇಳು. ಲೈನ್ ಮ್ಯಾಲೇ ಇರು.”

ಚಲನ್ ತೋರಿಸುವ ಸರ್ಕಾರಿ ಜಾಲತಾಣದಲ್ಲಿ ಸುಲೋಚನಾ ಗಾಡಿಯ ನಂಬರು ಒತ್ತಿದಳು. ‘ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಿ’ ಎಂಬಲ್ಲಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿ, ಕಳಿಸಲಾಗಿದೆ ಎಂದು ಬಂತು.

“ಬಂತೇನಪಾ?”

“ಇಲ್ರಿ.”

“ನೋಡು ಸರಿಯಾಗಿ.”

“ನೋಡಾಕತ್ತೀನ್ರಿ, ಏನೂ ಬಂದಿಲ್ಲ. ಮತ್ತೊಮ್ಮೆ ಕಳಸ್ರಿ.”

ಅವಳು ಮತ್ತೊಮ್ಮೆ ಒತ್ತಿದಳು.

ಟಿಣ್. ಹಿಂದೆಯೇ ಇನ್ನೊಂದು ಟಿಣ್.

ಸದ್ದು ಬಾಗಲಕೋಟೆಯಿಂದ ಬಂದದ್ದಲ್ಲ. ಇದೇ ಕೋಣೆಯಿಂದ. ಧೋಟೆ ತನ್ನ ಜೇಬು ತಟ್ಟಿಕೊಂಡ. ಮುರಳೀಧರನ ಫೋನು ಮೇಜಿನ ಆ ತುದಿಯಲ್ಲಿ ಆರಿಹೋಗಿ ಬಿದ್ದಿತ್ತು. ಚಂಪಾಳ ಫೋನು ಋತ್ವಿಕ್‌ನ ಕರೆಯಲ್ಲಿತ್ತು.

ಸುಲೋಚನಾ ಎದ್ದು, ಅರ್ಧ ತೆರೆದಿದ್ದ ಡ್ರಾಯರನ್ನು ಪೂರ್ತಿ ಎಳೆದಳು.

ಪ್ಲಾಸ್ಟಿಕ್ ಚೀಲದೊಳಗೆ ಕೃತಿಯ ಮೊಬೈಲು ಬೆಳಗುತ್ತಿತ್ತು. ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಸಂದೇಶ. ಎರಡರಲ್ಲೂ ಕೆಎ ೨೯ ಎಂದು ಶುರುವಾಗುವ ಗಾಡಿಯ ನಂಬರು, ಎರಡರಲ್ಲೂ ಓಟಿಪಿ.

ಸುಲೋಚನಾ ಮೇಲಿನ ಸಂದೇಶದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಒತ್ತಿದಳು. ಪುಟ ತೆರೆಯಿತು. ಫೆಬ್ರುವರಿಯಿಂದ ಈಚೆಗೆ ಸಾಲು ಸಾಲು ಚಲನ್, ಎಲ್ಲವೂ ಉಮರೇಡ್ ರಸ್ತೆಯವು. ಅವಳು ಹುಡುಕುತ್ತಿದ್ದ ಸಾಕ್ಷಿ ಕಣ್ಣ ಮುಂದೆಯೇ ಇತ್ತು. ಆದರೆ ಈಗ ಅದನ್ನು ನೋಡುವವರೇ ಇರಲಿಲ್ಲ.

ಧೋಟೆ ಮುರಳೀಧರನ ಎದುರಿಗೆ ಹೋಗಿ ನಿಂತ. ಹಿಂದಿಯಲ್ಲಿ, ಒಂದೊಂದೇ ಮಾತನ್ನು ತೂಗಿ ಹೇಳಿದ. “ಈ ಹುಡುಗಿಯನ್ನ ಜನ್ಮದಲ್ಲಿ ನೋಡಿಲ್ಲ ಅಂತ ಹೇಳಿಕೆ ಕೊಟ್ಟಿದೀರಿ. ನಿಮ್ಮ ಗಾಡಿಗೆ ಅವಳ ಫೋನ್ ನಂಬರು! ಎರಡು ಗಾಡಿ ಇರಲಿ, ಹತ್ತು ಗಾಡಿ ಇರಲಿ ಸುಬೇದಾರ್ ಸಾಬ್. ಇದಕ್ಕೇನು ಹೇಳ್ತೀರಿ?”

ಮುರಳೀಧರನ ಬೆನ್ನು ಮೊದಲ ಸಲ ಬಾಗಿತು. “ಮುಝೇ ನಹೀ ಮಾಲೂಮ್, ಸಾಬ್,” ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ, “ದೇವರಾಣಿ, ಚಂಪಾ, ನನಗ ಆ ಹುಡುಗಿ ಯಾರು ಅಂತ ಗೊತ್ತಿಲ್ಲ. ನೀನರ ನಂಬು,” ಎಂದ.

ಸುಲೋಚನಾ ನಂಬಿದಳು. ಸುಳ್ಳು ಹೇಳುವವನು ಪೊಲೀಸನ ಮುಂದೆ ಆಣೆ ಇಡುತ್ತಾನೆ. ಇವನು ಇಟ್ಟದ್ದು ಹೆಂಡತಿಯ ಮುಂದೆ. ಸುಲೋಚನಾಳೂ ಚಂಪಾಳ ಕಡೆ ನೋಡಿದಳು. ಚಂಪಾಳ ಕೈಯಲ್ಲಿದ್ದ ಫೋನು ಕಪ್ಪಾಗಿತ್ತು. ತಮ್ಮನ ಕರೆಯನ್ನು ಅವಳು ಯಾವಾಗಲೋ ಕತ್ತರಿಸಿಬಿಟ್ಟಿದ್ದಳು. ಡ್ರಾಯರಿನಲ್ಲಿ ಬೆಳಗಿದ ಫೋನು ಯಾರದು ಎಂದು ಅವಳು ಕೇಳಲೂ ಇಲ್ಲ.

ಎಚ್ಚರಾದ್ಲೇನ್ರಿ ಅಕ್ಕಾರ? ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಳಲ್ಲ! ಅದನ್ನು ಬರೀ ಮರುಕ ಎಂದು ತಿಳಿದ ತನ್ನ ಬುದ್ಧಿಗೆ ಏನು ಮಂಕು ಕವಿದಿತ್ತು ಎಂದು ಸುಲೋಚನಾ ಹಲ್ಲು ಕಚ್ಚಿದಳು. ಹೋಗಿ ಚಂಪಾಳ ಪಕ್ಕ ಕೂತು ಅವಳ ತಣ್ಣನೆಯ ಕೈ ಹಿಡಿದುಕೊಂಡಳು.

“ಫಾರ್ಮಿನ್ಯಾಗ ನಂಬರ್ ಬರದಾಕಿ ನೀ,” ಎಂದಳು.

ಚಂಪಾ ತಲೆಯಾಡಿಸಿದಳು. ಕಣ್ಣೀರು ಗಲ್ಲದ ಮೇಲೆ ಇಳಿದರೂ ದನಿ ಗಟ್ಟಿಯಾಗಿತ್ತು. ಇಷ್ಟು ಹೊತ್ತು ಹುಡುಕುತ್ತಿದ್ದ ಧೈರ್ಯ ಅವಳಿಗೆ ಈಗ ಸಿಕ್ಕಿದಂತಿತ್ತು.

“ಇವರಿಗೆ ಏನೂ ಗೊತ್ತಿಲ್ಲ ಅಕ್ಕಾರ. ಇವರನ್ನ ಬಿಟ್ಟುಬಿಡ್ರಿ ಅಂತ ಹೇಳ್ರಿ ಸಾಹೇಬ್ರಿಗೆ. ಆ ಹುಡುಗಿ ನಂಬರ್ ಬರದಾಕಿನೂ ನಾನ, ಪ್ಲೇಟ್ ಕೊಟ್ಟಾಕಿನೂ ನಾನ.”

“ಯಾರಿಗೆ ಕೊಟ್ಟಿ?”

ಚಂಪಾ ಡ್ರಾಯರಿನ ಕಡೆ ಬೆರಳು ಮಾಡಿದಳು.

“ಆಕೀಗೇರಿ. ಕೃತಿಗೇ ಕೊಟ್ಟೆ.”

ಮುರಳೀಧರ ಹೆಂಡತಿಯನ್ನು ಅಪರಿಚಿತಳನ್ನು ನೋಡುವಂತೆ ನೋಡಿದ. ಸುಲೋಚನಾಳ ತಲೆಯಲ್ಲಿ ಒಂದೇ ಪ್ರಶ್ನೆ ಗಿರಕಿ ಹೊಡೆಯಿತು. ಪ್ಲೇಟು ಇಸಕೊಂಡವಳೇ ಆ ಪ್ಲೇಟಿನ ಗಾಡಿಯ ಕೆಳಗೆ ಬಿದ್ದಿದ್ದರೆ, ಗಾಡಿ ಓಡಿಸುತ್ತಿದ್ದವರು ಯಾರು?

“ಮ್ಯಾಡಮ್,” ಎಂದ ಧೋಟೆ. ಕನ್ನಡದ ಒಂದು ಮಾತೂ ಅವನಿಗೆ ತಿಳಿದಿರಲಿಲ್ಲ. “ಕಾಯ್ ಮ್ಹಣಾಲ್ಯಾ? ಏನಂದರು ಅವರು?”

ಹೇಳದಿದ್ದರೆ ಮುರಳೀಧರ ಒಳಗೆ ಹೋಗುತ್ತಾನೆ. ಹೇಳಿದರೆ, ಅವನಿಗಾಗಿ ಈಗಷ್ಟೇ ಬಾಯಿ ಬಿಟ್ಟ ಹೆಂಗಸು ಹೋಗುತ್ತಾಳೆ. ಚಂಪಾ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ, “ಹೇಳ್ರಿ ಅಕ್ಕಾರ. ಯಾಕ ಕೊಟ್ಟೆ ಅನ್ನೂದು ಆಮ್ಯಾಲೆ ನಾ ಹೇಳ್ತೀನಿ,” ಎಂದಳು.

ಸುಲೋಚನಾ ಆ ಕೈ ಬಿಡದೆ, ಒಂದಕ್ಷರವನ್ನೂ ಬಿಡದೆ, ಮರಾಠಿಯಲ್ಲಿ ಹೇಳಿದಳು.